ಅರ್ಧ ಲೋಟದ ಶೂರನ ಇಂಪೀರಿಯಲ್ ಸ್ಟೌಟ್

ಬಿಯರ್ ವಿಷಯದಲ್ಲಿ ನನ್ನ ತಾಕತ್ತು ಅರ್ಧ ಲೋಟ. ಮುಕ್ಕಾಲಾದರೆ ಕಿವಿ ಕೆಂಪಗಾಗಿ, ಎದುರು ಸಿಕ್ಕವರಿಗೆಲ್ಲ ಪಿಯುಸಿಯಲ್ಲಿ ಫಿಸಿಕ್ಸಿಗೆ ಬಂದ ಅಂಕ ಹೇಳುತ್ತೇನೆ. ಪೂರ್ತಿ ಲೋಟವಾದರೆ ಅವರ ಅಂಕ ಕೇಳುತ್ತೇನೆ. ಇಂಥವನಿಗೆ ಮನೆಯಲ್ಲಿ ಬಿಯರ್ ಮಾಡುವ ಹುಕಿ ಬಂದರೆ ತೆಳ್ಳಗಿನದೊಂದು ಮಾಡಿಕೊಂಡು ತೆಪ್ಪಗಿರುವುದು ಧರ್ಮ. ನಾನು ಆರಿಸಿಕೊಂಡದ್ದು ರಷ್ಯನ್ ಇಂಪೀರಿಯಲ್ ಸ್ಟೌಟ್. ಹದಿನೆಂಟನೇ ಶತಮಾನದಲ್ಲಿ ಲಂಡನ್ನಿನ ಥ್ರೇಲ್ ಎಂಬವನ ಬ್ರೂವರಿಯಿಂದ ರಷ್ಯದ ರಾಣಿ ಕ್ಯಾಥರೀನಳ ಅರಮನೆಯವರೆಗೆ ಹೆಸರು ಮಾಡಿದ ಕಪ್ಪು ಬಿಯರಿನ ವಂಶ ಅದು. ಥ್ರೇಲ್ ಸತ್ತ ಮೇಲೆ, 1781ರಲ್ಲಿ, ಆ ಬ್ರೂವರಿಯನ್ನು 1,35,000 ಪೌಂಡಿಗೆ ಮಾರಿಸಿದವರಲ್ಲಿ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ನನೂ ಒಬ್ಬ. ರಾಣಿ, ಅರಮನೆ, ನಿಘಂಟು ಇಷ್ಟೂ ಸೇರಿರುವಾಗ ನನ್ನ ಅರ್ಧ ಲೋಟವನ್ನು ಲೆಕ್ಕಕ್ಕೆ ಹಿಡಿಯುವುದು ಸಣ್ಣತನ ಅನ್ನಿಸಿತು. ನಮ್ಮೂರ ಕಡೆ ‘ಸ್ಟ್ರಾಂಗ್’ ಎಂದು ಬರೆದ ಬಾಟಲಿಯೂ ಶೇ. 8 ಆಲ್ಕೋಹಾಲಿಗೆ ನಿಲ್ಲುತ್ತದೆ. ನನ್ನ ಗುರಿ 11.

ನಾವಿರುವುದು ಅಮೆರಿಕದ ಒರೆಗಾನ್ ರಾಜ್ಯದ ಬೀವರ್ಟನ್ನಿನಲ್ಲಿ. ಪಕ್ಕದ ಪೋರ್ಟ್‌ಲೆಂಡಿನಲ್ಲಿ ಎಡವಿದರೆ ಬ್ರೂವರಿ. ರೈಲು ಹತ್ತಿ ಹೋಗಿ ಒಳ್ಳೆಯದನ್ನೇ ಕುಡಿದು ಬರಬಹುದಲ್ಲ, ಮನೆಯಲ್ಲೇಕೆ ಈ ರಂಪ ಎಂದು ನನ್ನವಳು ಕೇಳಿದಳು. ಉತ್ತರವಿರಲಿಲ್ಲ, ಹಾಗಾಗಿ ಕಾನೂನು ಹೇಳಿದೆ. ಕರ್ನಾಟಕದಲ್ಲಿ ಲೈಸೆನ್ಸಿಲ್ಲದೆ ಹೀಗೆ ಮಾಡಿದರೆ ಅಬಕಾರಿಯವರು ಬಾಗಿಲು ತಟ್ಟುತ್ತಾರೆ. ಇಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ ಒಂಟಿ ವಯಸ್ಕನ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ, ಅಷ್ಟೆ.

“ಅಂದ್ರೆ ಕುಡಿಯದೇ ಇರೋ ನನ್ನ ಹೆಸರಲ್ಲೂ ನೂರು ಗ್ಯಾಲನ್ ಎತ್ತೀರಿ ಅನ್ನಿ.”

ತಿಪಟೂರಿನಿಂದ ಬಂದು ನಮ್ಮಲ್ಲಿ ಆರು ತಿಂಗಳ ಠಿಕಾಣಿ ಹೂಡಿದ್ದ ಅಮ್ಮ ಸೊಪ್ಪು ಬಿಡಿಸುತ್ತ ತಲೆ ಎತ್ತಿದಳು. “ರೇಷನ್ ಕಾರ್ಡಿಗೆ ನನ್ನ ಹೆಸರೂ ಸೇರ್ಸೋಕೆ ಬರಲ್ವೇನಪ್ಪ?”

ಇಬ್ಬರ ಮೇಲೆ ಎಷ್ಟು ಜನವಿದ್ದರೂ ಇನ್ನೂರೇ ಎಂದೆ. ಕೂಡು ಕುಟುಂಬದವರಿಗೆ ಎಲ್ಲ ಸರ್ಕಾರಗಳೂ ಅನ್ಯಾಯ ಮಾಡುತ್ತವೆ ಎಂದು ಅವಳು ಸೊಪ್ಪಿಗೆ ಮರಳಿದಳು.

ಯಂತ್ರ ಬಂತು. ಉದ್ದನೆಯ ಸ್ಟೀಲ್ ಪಾತ್ರೆ, ತಳದಲ್ಲಿ ಹೀಟರು, ಹೊಟ್ಟೆಯೊಳಗೆ ತೂತು ತೂತಿನ ಬುಟ್ಟಿ, ಕೆಳಗಿನ ರಸವನ್ನು ಮೇಲಕ್ಕೆತ್ತಿ ಮತ್ತೆ ಸುರಿಯುವ ಪಂಪು, ಹಣೆಯ ಮೇಲೆ ಡಿಗ್ರಿ ತೋರಿಸುವ ಪುಟ್ಟ ಪರದೆ. ಕಾಳು ನೆನೆಸುವುದು, ಸೋಸುವುದು, ಕುದಿಸುವುದು ಎಲ್ಲ ಒಂದರಲ್ಲೇ. ಪೆಟ್ಟಿಗೆಯ ಮೇಲೆ ‘ಆಲ್ ಇನ್ ಒನ್’ ಎಂದೇ ಅಚ್ಚಾಗಿತ್ತು. ಆ ‘ಒನ್’ಗೆ ಮೊದಲ ದಿನ ಬೇಕಾದವು: ಅಡುಗೆಮನೆಯ ತಕ್ಕಡಿ, ಹಬ್ಬದ ಸಾರಿನ ದೊಡ್ಡ ಪಾತ್ರೆ, ನನ್ನವಳ ಕೇಕಿನ ಥರ್ಮಾಮೀಟರು, ಸ್ನಾನದ ಮನೆಯ ಟಬ್ಬು, ತೋಟದ ಪೈಪು, ಏಣಿ, ಮತ್ತು ಮನೆಮಂದಿಯ ಇಡೀ ಶನಿವಾರ.

ಅಮೆರಿಕದ ಮನೆಯ ಮಾಮೂಲಿ ಪ್ಲಗ್ಗಿನಲ್ಲಿ ಬರುವುದು 120 ವೋಲ್ಟು. ಯಂತ್ರ 1,600 ವಾಟ್ ಎಳೆಯುತ್ತದೆ. ಇಪ್ಪತ್ತು ಚಿಲ್ಲರೆ ಲೀಟರ್ ತಣ್ಣೀರನ್ನು ಅದು ಬಿಸಿ ಮಾಡುವಷ್ಟರಲ್ಲಿ ಸ್ನಾನ, ಪೂಜೆ, ತಿಂಡಿ ಮುಗಿಸಿ ಒಂದು ಕೋಳಿ ನಿದ್ದೆಯನ್ನೂ ತೆಗೆಯಬಹುದು. ಆ ಹೊತ್ತಿಗೆ ಸರಿಯಾಗಿ ನನ್ನವಳು ಅದೇ ಸಾಲಿನ ಪ್ಲಗ್ಗಿಗಿದ್ದ ಮೈಕ್ರೋವೇವಿನಲ್ಲಿ ಹಾಲಿಟ್ಟಳು. ಟಪ್. ಬ್ರೇಕರ್ ಬಿತ್ತು. ಅಮ್ಮನ ಮುಖ ಅರಳಿತು. “ಅಮೆರಿಕದಲ್ಲಿ ಕರೆಂಟೇ ಹೋಗಲ್ಲ ಅಂತ ಊರ ತುಂಬ ಹೇಳ್ಕೊಂಡು ಬಂದೋನು ನೀನೇ ಅಲ್ವೇನೋ!” ನನಗೂ ಯಂತ್ರಕ್ಕೂ ಗ್ಯಾರೇಜಿಗೆ ಗಡೀಪಾರಾಯಿತು.

ಗ್ಯಾರೇಜಿಗೂ ಅಮ್ಮ ಬಂದಳು, ಕುರ್ಚಿ ಹಾಕಿಸಿಕೊಂಡು. ಅವಳಿಗೆ ವಿಜ್ಞಾನ ಹೇಳಿದೆ: ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್; ಪುಡಿ ಮಾಡಿ 67 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಇಟ್ಟರೆ ಕಿಣ್ವಗಳು ಪಿಷ್ಟವನ್ನೆಲ್ಲ ಸಕ್ಕರೆ ಮಾಡುತ್ತವೆ; ಆ ಸಿಹಿ ರಸವೇ ವರ್ಟ್. “ಮೊಳಕೆ ರಾಗಿ ಸರಿ ಮಾಡಿ ನಿನ್ನ ಬಾಯಿಗೆ ಹಾಕಿದ್ದು ಮತ್ತಿನ್ನೇನು? ಕುದಿಸ್ತಾ ಇದ್ದಂಗೆ ನೀರಾಗೋದು, ಸಿಹಿಯಾಗೋದು. ಅದಕ್ಕೆ ಪಂಪು ಇರ್ಲಿಲ್ಲ.” ಆಮೇಲೆ ಅವಳ ಕಣ್ಣು ಮೂಲೆಯ ಚೀಲದ ಮೇಲೆ ಬಿತ್ತು. ಅದರಲ್ಲಿದ್ದದ್ದು ಭತ್ತದ ಹೊಟ್ಟು. ಬುಟ್ಟಿಯಲ್ಲಿ ಕಾಳು ಮೆತ್ತಿಕೊಂಡು ರಸ ಇಳಿಯದಿದ್ದರೆ ನಡುವೆ ಸಂದು ಬಿಡಿಸಲೆಂದು ಬಿಯರ್ ಸಾಮಾನಿನ ಅಂಗಡಿಗಳಲ್ಲಿ ಇದನ್ನು ಮಾರುತ್ತಾರೆ. ಡಾಲರ್ ಕೊಟ್ಟು ತಂದದ್ದು ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಅಂದು ಸಂಜೆಯೊಳಗೆ ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿರುವ ನಮ್ಮ ನೆಂಟರಿಗೆಲ್ಲ ನಾನು ಹೊಟ್ಟು ಕೊಂಡ ಸಮಾಚಾರ ವಾಟ್ಸಾಪಿನಲ್ಲಿ ತಲುಪಿತ್ತು.

ಗಟ್ಟಿ ಬಿಯರಿಗೆ ಕಾಳು ಜಾಸ್ತಿ ಬೇಕು. ಬುಟ್ಟಿ ಹಿಡಿಯುವುದು ಹೆಚ್ಚೆಂದರೆ 9 ಕಿಲೋ, ಅಷ್ಟನ್ನೂ ಸುರಿದೆ. ಪಂಪು ಮೇಲೆತ್ತಿದ ರಸ ಕೆಳಗಿಳಿಯಲಾರದೆ ಅಂಚಿನವರೆಗೆ ಬಂದು ನಿಂತಿತು. ಜೊತೆಗೆ ಬಂದಿದ್ದ ಸೌಟು ಒಂದೇ ಸುತ್ತಿಗೆ ಬಾಗಿತು. ಅಮ್ಮ ಎದ್ದು ಹೋಗಿ, ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿ ತಂದಿದ್ದ ಮುದ್ದೆ ಕೋಲನ್ನು ತಂದುಕೊಟ್ಟಳು. ಗಂಟಿಲ್ಲದೆ ತಿರುವಬೇಕೆಂಬ ಸೂಚನೆಯೂ ಸಿಕ್ಕಿತು.

ಬುಟ್ಟಿ ಎತ್ತಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂಬತ್ತು ಕಿಲೋ ಕಾಳು ಎಂಟೊಂಬತ್ತು ಲೀಟರ್ ರಸವನ್ನು ಕುಡಿದು ಕೂತಿರುತ್ತದೆ, ಮೇಲೆ ಹಬೆ. ಸೊಂಟ ಒಂದು ಶಬ್ದ ಮಾಡಿತು. ಇನ್ನೊಂದು ಹಿಡಿಯನ್ನು ನನ್ನವಳು ಹಿಡಿದಳು. ಅವಳು ಆಗ ಆಡಿದ ಮಾತು ಅಚ್ಚಿಗೆ ಬೇಡ.

ಕಾಳಿನ ಮೇಲೆ ಧಾರಾಳವಾಗಿ ಬಿಸಿನೀರು ಸುರಿದು, ಅಂಟಿದ್ದ ಸಿಹಿಯನ್ನೆಲ್ಲ ತೊಳೆದು ಇಳಿಸಿದೆ. ಪಾತ್ರೆಯಲ್ಲಿ 28 ಲೀಟರ್. ಎದೆಯುಬ್ಬಿಸಿ ಹೈಡ್ರೋಮೀಟರ್ ತೇಲಿಬಿಟ್ಟೆ. ಬರಿ ನೀರಿನಲ್ಲಿ ಅದು 1.000 ತೋರಿಸುತ್ತದೆ, ಮಾಮೂಲಿ ಬಿಯರಿನ ರಸ 1.050ರ ಆಸುಪಾಸು, ನನಗೆ ಬೇಕಿದ್ದದ್ದು 1.105. ತೋರಿಸಿದ್ದು 1.062. ಕಣ್ಣುಜ್ಜಿಕೊಂಡು ನೋಡಿದೆ, ಕನ್ನಡಕ ಒರೆಸಿ ನೋಡಿದೆ, ಅಮ್ಮನ ಕನ್ನಡಕ ಹಾಕಿಕೊಂಡೂ ನೋಡಿದೆ.

“ಏನಂತೆ?” ಎಂದಳು ಅಮ್ಮ.

“ಗಟ್ಟಿ ಬಂದಿಲ್ಲಮ್ಮ. ಇಷ್ಟು ಕಾಳು ಹಾಕಿದ್ರೂ.”

“ಬಂದಿತ್ತು, ನೀನೇ ಕೆಡಿಸಿದೆ. ಕಾಯಿಹಾಲು ತೆಗೆಯೋವಾಗ ಮೊದಲ್ನೇ ಹಾಲು ಗಟ್ಟಿ, ಎರಡ್ನೇದು ನೀರು ಅಂತ ತಿಪಟೂರಲ್ಲಿ ಹುಟ್ಟಿದೋರಿಗೆ ಹೇಳ್ಕೊಡ್ಬೇಕಾ? ಎರಡ್ನೇ ಹಾಲನ್ನೂ ಮೊದಲ್ನೇದಕ್ಕೇ ಸುರ್ಕೊಂಡು, ಈಗ ಗಾಜಿನ ಕಡ್ಡಿ ಬಿಟ್ಕೊಂಡು ಅಳ್ತಿದೀಯಲ್ಲ!”

ಗಟ್ಟಿ ಬಿಯರಿನ ಸಕಲ ಶಾಸ್ತ್ರವೂ ಆ ಒಂದು ಬೈಗುಳದಲ್ಲಿತ್ತು. ಕಾಳನ್ನು ತೊಳೆದಷ್ಟೂ ಸಕ್ಕರೆ ಬರುತ್ತದೆ, ಜೊತೆಗೆ ನೀರೂ ಬರುತ್ತದೆ. ಶೇ. 5ರ ಬಿಯರ್ ಮಾಡುವವನು ತೊಳೆದು ಗೆಲ್ಲುತ್ತಾನೆ, ಶೇ. 11ರವನು ಒಂದಿಷ್ಟು ಸಕ್ಕರೆಯನ್ನು ಕಾಳಿನಲ್ಲೇ ಬಿಟ್ಟುಬಿಡುವ ದೊಡ್ಡ ಮನಸ್ಸು ಮಾಡಬೇಕು. ಅಡುಗೆ ಸೋಡದ ಪೊಟ್ಟಣವನ್ನೂ ಕತ್ತರಿಸಿ ಒದರುವ ನನಗೆ ಆ ಮನಸ್ಸು ಎಲ್ಲಿಂದ ಬರಬೇಕು? ಸುರಿದಾಗಿದ್ದ ನೀರನ್ನು ಹೊರಗೆ ಕಳಿಸಲು ಉಳಿದ ದಾರಿ ಒಂದೇ, ಆವಿ. 1,600 ವಾಟಿಗೆ ಗಂಟೆಗೆ ಎರಡು ಲೀಟರ್ ಹಾರುತ್ತದೆ. 28 ಲೀಟರ್ 17ಕ್ಕೆ ಇಳಿಯಲು ಐದೂವರೆ ಗಂಟೆ. ಗ್ಯಾರೇಜಿನ ಬಾಗಿಲು ತೆರೆದು, ಸ್ವೆಟರಿನ ಮೇಲೆ ಸ್ವೆಟರ್ ಹಾಕಿ, ಒರೆಗಾನಿನ ಜಿಟಿಜಿಟಿ ಮಳೆ ನೋಡುತ್ತ ಕೂತೆ. ಹೊರಗೂ ನೀರು, ಒಳಗೆ ಸೂರಿನಿಂದ ತೊಟ್ಟಿಕ್ಕುವುದೂ ನೀರು. ಆ ತಿಂಗಳ ಕರೆಂಟ್ ಬಿಲ್ಲನ್ನು ನಾನೇ ಓಡಿಹೋಗಿ ತೆಗೆದುಕೊಂಡೆ.

ಇಷ್ಟು ಸಿಹಿಯಲ್ಲಿ ಯೀಸ್ಟಿಗೂ ಉಸಿರು ಕಟ್ಟುತ್ತದೆ. ಅದಕ್ಕೇ ತಣಿಸಿದ ರಸಕ್ಕೆ ಒಂದರ ಬದಲು 11 ಗ್ರಾಮಿನ ಎರಡು ಪೊಟ್ಟಣ ಹಾಕಿ, ಆಮ್ಲಜನಕ ಬೆರೆಯಲೆಂದು ಚೆನ್ನಾಗಿ ಅಲ್ಲಾಡಿಸಿ, 18 ಡಿಗ್ರಿ ಹದವಾಗಿ ನಿಲ್ಲುವ ಜಾಗ ಹುಡುಕಿದೆ. ಅಂಥದು ಮನೆಯಲ್ಲಿ ಒಂದೇ ಇತ್ತು: ಅಮ್ಮ ಮಲಗುವ ಕೋಣೆಯ ಬಟ್ಟೆ ಬೀರು. ಅಲ್ಲಿ ನನ್ನವಳ ರೇಷ್ಮೆ ಸೀರೆಗಳೂ ಇದ್ದವು. ಗಟ್ಟಿ ಬಿಯರ್ ಹುಳಿಯೇಳುವಾಗ ನೊರೆ ಉಕ್ಕುತ್ತದೆ, ಅನಿಲ ಹೊರಬಿಡುವ ಸಣ್ಣ ಏರ್‌ಲಾಕ್ ಸಾಲದು, ದಪ್ಪ ಪೈಪು ಹಾಕಿ ಬಕೆಟ್ಟಿಗೆ ಬಿಡಬೇಕು ಎಂದು ಪುಸ್ತಕದಲ್ಲಿತ್ತು. ಮುಂದಿನ ಅಧ್ಯಾಯದಲ್ಲಿ. ಎರಡನೆಯ ರಾತ್ರಿ ಕುದಿಸುವಾಗ ಕಹಿಗೆಂದು ಹಾಕಿದ್ದ ಹಾಪ್ಸ್ ಹೂವಿನ ಚೂರು ಸಿಕ್ಕಿ ಏರ್‌ಲಾಕ್ ಕಟ್ಟಿಕೊಂಡಿತು, ಆಮೇಲೆ ಸೂರಿಗೆ ಹಾರಿತು. ಓಡಿಹೋಗಿ ನೋಡಿದರೆ ಅಮ್ಮ ಮಂಚದ ಮೇಲೆ ಎದ್ದು ಕೂತು ಬೀರುವಿನ ಕಡೆ ಬೆರಳು ತೋರಿಸುತ್ತಿದ್ದಳು. “ನಿನ್ನ ರಷ್ಯದ ರಾಣಿ ಎದ್ದವ್ಳೆ, ನೋಡ್ಹೋಗು.”

ನನ್ನವಳು ಕೂಗಾಡಲಿಲ್ಲ. ಸೀರೆಯೊಂದನ್ನು ದೀಪಕ್ಕೆ ಹಿಡಿದು, “ಮೈಸೂರು ಸಿಲ್ಕಿಗೆ ಇಂಪೀರಿಯಲ್ ಬಾರ್ಡರ್” ಎಂದಳು. ಕೂಗಾಡಿದ್ದರೆ ಅಗ್ಗದಲ್ಲಿ ಮುಗಿಯುತ್ತಿತ್ತು.

ಮೂರ್ನಾಲ್ಕು ವಾರ ಕಳೆದು ಗುಳ್ಳೆಗಳು ನಿಂತ ಮೇಲೆ ಅಳೆದಾಗ 1.028. ಕುದಿಸಿ ಇಳಿಸಿದಾಗ ಕೊನೆಗೂ ಬಂದಿದ್ದ 1.105ರಿಂದ ಅದನ್ನು ಕಳೆದು 131ರಿಂದ ಗುಣಿಸಿದರೆ ಶೇ. 10.1. ಉಳಿದ 0.9 ಸೀರೆಯ ಮೇಲಿದೆ. ದಣಿದ ಯೀಸ್ಟಿಗೆ ನೆರವಾಗಲೆಂದು ಚಿಟಿಕೆ ಹೊಸದನ್ನೂ ಒಂದಿಷ್ಟು ಸಕ್ಕರೆಯನ್ನೂ ಸೇರಿಸಿ ಬಾಟಲಿಗೆ ತುಂಬಿದೆ. ಇದು ಹದಕ್ಕೆ ಬರಲು ವರ್ಷ ಬೇಕಂತೆ. ಮಾಡುವ ಹಟವೊಂದೇ ಇದ್ದವನಿಗೆ, ಕುಡಿಯುವ ಗಡುವು ದೂರವಿದ್ದಷ್ಟೂ ನೆಮ್ಮದಿ.

ಮುಂದಿನ ಸಲ ಕಾಯಿಹಾಲಿನ ಕ್ರಮ. ಮೊದಲು ಇಳಿದ ಗಟ್ಟಿ ರಸ 14 ಲೀಟರ್ ಬೇರೆ. ಅದೇ ಕಾಳಿಗೆ ಮತ್ತೆ ಬಿಸಿನೀರು ಹಾಕಿ ಇಳಿಸಿದ ತೆಳು ರಸ ಬೇರೆ. ಇಂಗ್ಲೆಂಡಿನ ಹಳೇ ಬ್ರೂವರಿಗಳು ಮಾಡುತ್ತಿದ್ದದ್ದೂ ಇದನ್ನೇ. ಕೊನೆಯ ತೆಳು ಬಿಯರಿಗೆ ಅಲ್ಲಿ ಸ್ಮಾಲ್ ಬಿಯರ್ ಎನ್ನುತ್ತಿದ್ದರು. ಗಟ್ಟಿಯದು ಬೀರು ಸೇರಿತು, ಈ ಬಾರಿ ದಪ್ಪ ಪೈಪಿನೊಂದಿಗೆ. ಶೇ. 3 ಚಿಲ್ಲರೆಯ ತೆಳ್ಳಗಿನದನ್ನು ಇಡೀ ಲೋಟ ಕುಡಿದೂ ಯಾರಿಗೂ ಅಂಕ ಹೇಳದೆ ನಿಂತೆ.

ಉಳಿದದ್ದು ಹಿಂಡಿದ ಕಾಳು. “ಇದು ಬೂಸ ಕಣೋ. ಬೆಂಗಳೂರ ಕಡೆ ಹಸು ಸಾಕೋರು ಫ್ಯಾಕ್ಟ್ರಿ ಮುಂದೆ ಲಾರಿ ನಿಲ್ಸ್ಕೊಂಡು ಒಯ್ತಾರೆ, ನೀನು ಕಸಕ್ಕೆ ಹಾಕ್ತೀಯಾ?” ಎಂದು ಅಮ್ಮ ಡಬ್ಬಿಗೆ ಅಡ್ಡ ನಿಂತಳು. ಬೀವರ್ಟನ್ನಿನಲ್ಲಿ ಹಸು ಎಲ್ಲಿ ತರುವುದು? ಬಿಸಿಲನ್ನಾದರೂ ಎಲ್ಲಿ ತರುವುದು? ಓವನ್ನಿನಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ, ಮಿಕ್ಸಿಗೆ ಹಾಕಿ, ಎರಡೆರಡು ಸಲ ಜರಡಿ ಹಿಡಿದಳು. ಅಕ್ಕಿಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಸೇರಿಸಿ ರೊಟ್ಟಿ ತಟ್ಟಿದಳು. ಹುರಿದ ಮಾಲ್ಟಿನ ಕಪ್ಪಿಗೆ ಯುಗಾದಿ ಊಟಕ್ಕೆ ಬಂದವರೆಲ್ಲ ರಾಗಿ ರೊಟ್ಟಿಯೆಂದೇ ತಿಂದು, ರಾಗಿ ಯಾವ ಅಂಗಡಿಯದು ಎಂದು ಕೇಳಿದರು. ಬಿಯರ್ ಕೇಳಿದವರು ಯಾರೂ ಇಲ್ಲ.

ಅಮ್ಮ ಊರಿಗೆ ಹೋದಳು. ಮುದ್ದೆ ಕೋಲು ಇಲ್ಲೇ ಉಳಿಯಿತು. ಮೊನ್ನೆ ನನ್ನವಳು ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಳು.

“ರೀ, ಹಿಟ್ಟು ಮುಗೀತು. ಶನಿವಾರ ಯಂತ್ರ ಇಡಿ.”

ಒಂದು ತೆಳ್ಳಗಿನದು ಮಾಡೋಣವೆಂದಿದ್ದೇನೆ, ನಾಲ್ಕು ಕಿಲೋ ಕಾಳು ಸಾಕು ಎಂದೆ.

“ಆಗಲ್ಲ. ಆರು ಮನೆಗೆ ಕೊಡ್ತೀನಿ ಅಂತ ಒಪ್ಕೊಂಡಿದೀನಿ. ನಿಮ್ಮ ರಾಣಿದೇ ಮಾಡಿ. ಒಂಬತ್ತು ಕಿಲೋಗೆ ಒಂದು ಕಾಳು ಕಡಿಮೆ ಆಗ್ಬಾರ್ದು.”