ಸುತ್ತಮುತ್ತ ಖಾಲಿ ಮಾಡಿದವನೇ ಗ್ರಹ

ಆಗಸ್ಟ್ 23 ಹತ್ತಿರ ಬಂತೆಂದರೆ ಶಾಲೆಯ ಪಕ್ಕದ ಅಂಗಡಿಗಳಲ್ಲಿ ಥರ್ಮಕೋಲ್‌ಗೆ ಬರ. 2023ರಲ್ಲಿ ಅದೇ ದಿನ ಸಂಜೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದದ್ದರಿಂದ ಅದೀಗ ರಾಷ್ಟ್ರೀಯ ಬಾಹ್ಯಾಕಾಶ ದಿನ. ದಿನಾಚರಣೆ ಎಂದಮೇಲೆ ಪ್ರಬಂಧ ಬರೆಸಲೇಬೇಕು. ಅದರ ಬೆನ್ನಿಗೇ ಇನ್ನೊಂದು ಬಾಬತ್ತು ಬಂದಿದೆ: ಮಕ್ಕಳು ಮಕ್ಕಳನ್ನು ಗೋಳು ಹೊಯ್ದುಕೊಳ್ಳದಂತೆ ‘ಬುಲ್ಲಿಯಿಂಗ್ ವಿರೋಧಿ ಜಾಗೃತಿ’. ಎರಡಕ್ಕೂ ಬೇರೆ ಬೇರೆ ಪಿರಿಯಡ್ ಕೊಟ್ಟರೆ ಗಣಿತದ ಪೋರ್ಷನ್ ಮುಗಿಯುವುದು ಯಾವಾಗ? ಹಾಗಾಗಿ ಬೆಂಗಳೂರಿನ ಒಂದು ಶಾಲೆಯ ನಾಲ್ಕನೇ ತರಗತಿಯಲ್ಲಿ ಎರಡನ್ನೂ ಒಂದೇ ಪಿರಿಯಡ್ಡಿಗೆ ತುಂಬಿದರು. ಮೊದಲರ್ಧ ಆಕಾಶ, ಉಳಿದರ್ಧ ಕರುಣೆ.

ಪ್ರಬಂಧದ ವಿಷಯ, ‘ನಾನು ಚಂದ್ರನಲ್ಲಿಗೆ ಹೋದರೆ’. ಕಲ್ಪನೆಗೆ ಪೂರ್ಣ ಸ್ವಾತಂತ್ರ್ಯವಿತ್ತು. ಮಿಸ್ ಅದನ್ನು ಬೋರ್ಡಿನ ಮೇಲೆ ಬರೆದೂ ಕೊಟ್ಟಿದ್ದರು. ಇಡೀ ತರಗತಿ ಒಂದೇ ರಾಕೆಟ್ಟಿನಲ್ಲಿ ಹೋಗಿ, ಒಂದೇ ಜಾಗದಲ್ಲಿ ಬಾವುಟ ನೆಟ್ಟು, ‘ನನಗೆ ಬಹಳ ಸಂತೋಷವಾಯಿತು’ ಎಂಬ ಸಾಲಿಗೆ ಬಂದಾಗ ಒಟ್ಟಿಗೇ ಸಂತೋಷಪಟ್ಟಿತು. ಒಬ್ಬ ಹುಡುಗ ಮಾತ್ರ ದಾರಿ ತಪ್ಪಿದ. ‘ಅಲ್ಲಿ ನನ್ನ ತೂಕ ಆರನೇ ಒಂದು ಪಾಲು. ಯಾರಾದರೂ ತಳ್ಳಿದರೆ ನಿಧಾನಕ್ಕೆ ಬೀಳುತ್ತೇನೆ. ಜಾಸ್ತಿ ಪೆಟ್ಟಾಗಲ್ಲ’ ಎಂದು ಬರೆದ. ಮಿಸ್ ‘ಆಗಲ್ಲ’ವನ್ನು ‘ಆಗುವುದಿಲ್ಲ’ ಎಂದು ತಿದ್ದಿ, ಪಕ್ಕದಲ್ಲಿ ‘ವಿಷಯಾಂತರ’ ಎಂದು ಕೆಂಪು ಶಾಯಿಯಲ್ಲಿ ಬರೆದು, ಹತ್ತಕ್ಕೆ ಮೂರು ಅಂಕ ಕೊಟ್ಟರು. ಭೌತಶಾಸ್ತ್ರ ಸರಿಯಿತ್ತು. ಆದರೆ ಅದು ನಾಲ್ಕನೇ ತರಗತಿಯ ಸಿಲಬಸ್ಸಿನಲ್ಲಿ ಇರಲಿಲ್ಲ.

ಆಮೇಲೆ ಸೌರಮಂಡಲದ ರೂಪಕ. ಎಂಟು ಮಕ್ಕಳ ಹಣೆಗೆ ರಟ್ಟಿನ ಪಟ್ಟಿ ಕಟ್ಟಿ ಎಂಟು ಗ್ರಹ ಮಾಡಿದರು. ಅದೇ ಹುಡುಗ ತರಗತಿಯಲ್ಲೇ ಕುಳ್ಳ. ‘ನೀನು ಪ್ಲೂಟೊ ಕಣೋ, ಬಾಗಿಲ ಹತ್ರ ನಿಂತ್ಕೊ’ ಎಂದರು ಮಿಸ್. ತರಗತಿ ಗೊಳ್ಳೆಂದಿತು. ಮಿಸ್ ಹೇಳಿದ್ದು ತಮಾಷೆ. ಅದನ್ನೇ ಮಕ್ಕಳು ಹೇಳಿದಾಗ ಬುಲ್ಲಿಯಿಂಗ್.

ಮಿಸ್ ಅವರನ್ನು ದೂರಿ ಫಲವಿಲ್ಲ, ಅವರ ಹಿಂದೆ ವಿಜ್ಞಾನವಿದೆ. 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದವರು ಕೈಯೆತ್ತಿ ಮತ ಹಾಕಿ, ಗ್ರಹ ಅನ್ನಿಸಿಕೊಳ್ಳಲು ಮೂರು ಷರತ್ತು ಹಾಕಿದರು. ಸೂರ್ಯನ ಸುತ್ತ ತಿರುಗಬೇಕು. ಗುಂಡಗಿರಬೇಕು. ತನ್ನ ಕಕ್ಷೆಯ ಸುತ್ತಮುತ್ತ ಇರುವ ಸಣ್ಣಪುಟ್ಟವರನ್ನೆಲ್ಲ ಖಾಲಿ ಮಾಡಿಸಿರಬೇಕು. ಪ್ಲೂಟೊ ಮೊದಲ ಎರಡರಲ್ಲಿ ಪಾಸು, ಮೂರನೆಯದರಲ್ಲಿ ನಪಾಸು. ಅಕ್ಕಪಕ್ಕದವರ ಜತೆ ಜಾಗ ಹಂಚಿಕೊಂಡದ್ದೇ ಅದರ ಅಪರಾಧ. ನಮ್ಮ ಶಾಲೆಗಳಿಗೆ ಈ ಷರತ್ತುಗಳನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಹೆಡ್‌ಮಿಸ್ ಸುತ್ತ ತಿರುಗುವವನು, ಯೂನಿಫಾರ್ಮಿನಲ್ಲಿ ದುಂಡಗೆ ಕಾಣುವವನು, ಮುಂದಿನ ಬೆಂಚಿನ ಆಸುಪಾಸು ಯಾರೂ ಸುಳಿಯದಂತೆ ನೋಡಿಕೊಳ್ಳುವವನು ಕ್ಲಾಸ್ ಲೀಡರ್. ಅಂದಿನ ಗುರುಗ್ರಹವೂ ಅವನೇ.

ಪ್ಲೂಟೊ ಎಂಬ ಹೆಸರು ಸೂಚಿಸಿದವಳು ಆಕ್ಸ್‌ಫರ್ಡ್‌ನ ಹನ್ನೊಂದು ವರ್ಷದ ಹುಡುಗಿ ವೆನೀಷಿಯಾ ಬರ್ನಿ. 1930ರ ಒಂದು ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಅಜ್ಜನ ಎದುರು ಅವಳಿಗದು ಹೊಳೆಯಿತು. ಅಲ್ಲಿ ಬೋರ್ಡ್ ಇರಲಿಲ್ಲ, ಬಚಾವಾದಳು.

ಪಿರಿಯಡ್ಡಿನ ಉಳಿದರ್ಧದಲ್ಲಿ ಪ್ರತಿಜ್ಞೆ. ಕೈ ಮುಂದೆ ಚಾಚಿ ‘ಯಾರನ್ನೂ ನೋಯಿಸುವುದಿಲ್ಲ’ ಎಂದು ಮಕ್ಕಳು ಕೂಗಿದ್ದು ಫೋಟೊ ಸರಿ ಬರಲಿಲ್ಲವೆಂದು ಇನ್ನೊಮ್ಮೆ ನಡೆಯಿತು. ಹೆಸರಿಲ್ಲದೆ ಚೀಟಿ ಹಾಕಲು ದೂರು ಪೆಟ್ಟಿಗೆಯನ್ನೂ ಇಟ್ಟಿದ್ದಾರೆ, ಹೆಡ್‌ಮಿಸ್ ಮೇಜಿನ ಮೇಲೆ, ಸಿಸಿಟಿವಿಯ ಕೆಳಗೆ. ಬರಹ ಯಾರದ್ದೆಂದು ಪತ್ತೆಹಚ್ಚಲು ಕಾಪಿಬರಹದ ಪುಸ್ತಕಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅದನ್ನು ಯಾರೂ ಗೋಡೆಗೆ ಅಂಟಿಸಿಲ್ಲ. ಅಲ್ಲಿ ರಾಕೆಟ್ ಇದೆ.

ನಮ್ಮ ಪುಣ್ಯ, ಇಸ್ರೊ ಈ ಶಾಲೆಯ ಆಡಳಿತ ಮಂಡಳಿಯ ಕೈಯಲ್ಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಮೊದಲ ವಿಕ್ರಮ್ ಚಂದ್ರನ ಮೇಲೆ ಅಪ್ಪಳಿಸಿದಾಗ ಯಾರನ್ನೂ ಬೆಂಚಿನ ಮೇಲೆ ನಿಲ್ಲಿಸಲಿಲ್ಲ. ಏನೇನು ಕೆಡಬಹುದು ಎಂಬುದನ್ನೇ ಮೊದಲು ಲೆಕ್ಕ ಹಾಕಿ ಮುಂದಿನ ನೌಕೆ ಕಟ್ಟಿದರು, ಹೆಸರನ್ನೂ ವಿಕ್ರಮ್ ಎಂದೇ ಉಳಿಸಿಕೊಂಡರು. ಶಾಲೆಯಲ್ಲಾಗಿದ್ದರೆ ಅದು ಏಳನೇ ತರಗತಿಯವರೆಗೂ ‘ಬಿದ್ದ ವಿಕ್ರಮ’ ಆಗಿರುತ್ತಿತ್ತು.

ಊಟದ ಬೆಲ್ ಹೊಡೆದ ಮೇಲೆ ನಲ್ಲಿಯ ಹತ್ತಿರ ಗುರುಗ್ರಹ ಪ್ಲೂಟೊವನ್ನು ತಳ್ಳಿತು. ಪ್ಲೂಟೊ ತಿರುಗಿ ತಳ್ಳಿತು. ಮಿಸ್ ಕಣ್ಣಿಗೆ ಬಿದ್ದದ್ದು ಎರಡನೆಯದು ಮಾತ್ರ. ಕಾರ್ಯಕ್ರಮ ಯಶಸ್ವಿಯಾಗಿದೆ ಎಂದು ವರದಿ ಸಿದ್ಧವಾಗಿದೆ. ಅದರ ಜತೆ ಲಗತ್ತಿಸಲು ಹುಡುಗ ಸ್ಟಾಫ್‌ರೂಮಿನ ಹೊರಗೆ ನಿಂತುಕೊಂಡು ‘ನಾನು ಯಾರಿಗೂ ಹಿಂಸೆ ಕೊಡುವುದಿಲ್ಲ’ ಎಂದು ನೂರು ಸಲ ಬರೆಯುತ್ತಿದ್ದಾನೆ. ಬರೆದು ಮುಗಿಸುವವರೆಗೆ ಊಟವಿಲ್ಲ.