ಸದರಿ ಅರ್ಜಿದಾರನು

ನಮ್ಮ ಮನೆಯಲ್ಲಿ ನೀರಿನ ಮೋಟರನ್ನು ಯಾವಾಗ ಹಾಕಬೇಕು, ಯಾವಾಗ ಆರಿಸಬೇಕು ಎಂದು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಅದು ಅಮ್ಮನ ಖಾತೆ. ಸಿಲಿಂಡರ್ ಬುಕ್ ಮಾಡುವುದು ಹೆಂಡತಿಯ ಖಾತೆ, ಟಿವಿ ರಿಮೋಟು ಅಪ್ಪನದು, ವೈಫೈ ಪಾಸ್‌ವರ್ಡು ಹತ್ತನೇ ಕ್ಲಾಸಿನ ಮಗಳದು. ನಾನು ಖಾತೆಯಿಲ್ಲದ ಮಂತ್ರಿ. ಇಂಥವನು ಸರ್ಕಾರಗಳು ಹೇಗೆ ತೀರ್ಮಾನ ತೆಗೆದುಕೊಳ್ಳಬೇಕು ಎಂದು ಕಲಿಯಲು ಇಂಗ್ಲೆಂಡಿಗೆ ಅರ್ಜಿ ಹಾಕುತ್ತಾನೆ ಎಂದರೆ ಯಾರಿಗಾದರೂ ನಗು ಬರಬೇಕು. ನಮ್ಮ ಮನೆಯವರಿಗೆ ಬಂತು.

ಕೋರ್ಸಿನ ಹೆಸರು ಮಾಸ್ಟರ್ ಆಫ್ ಪಬ್ಲಿಕ್ ಪಾಲಿಸಿ. ಹಾರ್ವರ್ಡ್‌ನ ಕೆನಡಿ ಸ್ಕೂಲಿನಲ್ಲಿ ಇದು ಎರಡು ವರ್ಷ. ಆಕ್ಸ್‌ಫರ್ಡ್‌ನಲ್ಲಿ 2010ರಲ್ಲಿ ಹುಟ್ಟಿಕೊಂಡ ಬ್ಲಾವಟ್ನಿಕ್ ಸ್ಕೂಲಿನಲ್ಲಿ ಒಂದೇ ವರ್ಷ. ಸಿಂಗಪುರದಲ್ಲಿ ಲೀ ಕ್ವಾನ್ ಯೂ ಹೆಸರಿನದೊಂದಿದೆ, ಬರ್ಲಿನ್ನಿನಲ್ಲೂ ಒಂದಿದೆ. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ರಾಜಕೀಯ ಎಲ್ಲವನ್ನೂ ಅಷ್ಟಷ್ಟು ಕಲಿಸಿ ಕಳಿಸುತ್ತಾರೆ. ನಾನಿರುವುದು ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ. ಸರ್ಕಾರಿ ಯೋಜನೆಗಳು ಹೇಗೆ ನಡೆಯುತ್ತಿವೆ ಎಂದು ವರದಿ ಬರೆಯುತ್ತೇನೆ. ಪ್ರತಿ ವರದಿಯ ಕೊನೆಗೆ ‘ಶಿಫಾರಸುಗಳು’ ಎಂಬ ಅಧ್ಯಾಯ ಇರುತ್ತದೆ. ಅದನ್ನು ಇದುವರೆಗೆ ಓದಿದವರು ನಾನು ಮತ್ತು ಡಿಟಿಪಿ ಮಾಡುವ ಹುಡುಗ. ಫಾರಿನ್ ಡಿಗ್ರಿ ಇದ್ದರೆ ಮೂರನೆಯವರೊಬ್ಬರು ಓದಿಯಾರೆಂದು ಆಸೆ.

ಹೆಂಡತಿಗೆ ಹೇಳುವುದಕ್ಕೆ ಮಾತ್ರ ಅಂಜಿಕೆಯಿತ್ತು. 2024ರ ಜನವರಿಯಿಂದ ಬ್ರಿಟನ್ನಿನವರು ನಿಯಮ ಬಿಗಿ ಮಾಡಿದ್ದಾರೆ. ಇಂಥ ಮಾಸ್ಟರ್ಸ್ ಓದಲು ಹೋಗುವವರು ಹೆಂಡತಿ ಮಕ್ಕಳನ್ನು ಅವಲಂಬಿತರೆಂದು ಜೊತೆಗೆ ಕರೆದೊಯ್ಯುವಂತಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ವಿಷಯ ತೆಗೆದೆ. ಅಮ್ಮ “ಅಯ್ಯೋ, ಊಟಕ್ಕೇನ್ ಮಾಡ್ತೀಯೋ” ಎಂದು ಶುರುಮಾಡಿದಳು. ಹೆಂಡತಿ ಸಾರಿನ ಸೌಟು ಹಿಡಿದು ಯೋಚಿಸಿದಳು.

“ಒಂದು ವರ್ಷ ನೀವೊಬ್ಬರೇನಾ?”

“ಹೂಂ. ಏನ್ ಮಾಡೋದು, ಅವರ ಕಾನೂನು ಹಾಗಿದೆ.”

“ಆ ಅಮೆರಿಕದ್ದು ಎರಡು ವರ್ಷ ಅಂದ್ರಲ್ಲ, ಅದಕ್ಕೂ ಒಂದು ಹಾಕಿ ನೋಡ್ರಿ.”

ಫೀಸು, ಬಾಡಿಗೆ, ಊಟ ಎಲ್ಲ ಸೇರಿದರೆ ಅರ್ಧ ಕೋಟಿ ದಾಟುತ್ತದೆ. ಹಾಗಾಗಿ ಕಣ್ಣು ಚೀವನಿಂಗ್ ವಿದ್ಯಾರ್ಥಿವೇತನದ ಮೇಲೆ ಬಿತ್ತು. ಬ್ರಿಟನ್ ಸರ್ಕಾರ 1983ರಿಂದ ನಡೆಸಿಕೊಂಡು ಬಂದಿರುವ ಇದು ಸಿಕ್ಕಿದರೆ ಫೀಸು, ವಿಮಾನ, ತಿಂಗಳ ಖರ್ಚು ಎಲ್ಲ ಅವರದೇ. ಮುಖ್ಯ ಷರತ್ತು ಎರಡು. ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ಸ್ವದೇಶದಲ್ಲಿರಬೇಕು. ಇದನ್ನು ಕೇಳಿ ಹೆಂಡತಿ “ವಾಪಸ್ ಬರಲೇಬೇಕಾ?” ಎಂದಳು, ಅಷ್ಟೆ. ಎರಡನೆಯದು, ಅರ್ಜಿ ಹಾಕುವ ಹೊತ್ತಿಗೆ 2,800 ಗಂಟೆ ಕೆಲಸ ಮಾಡಿರಬೇಕು. ಅವಳು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಪೆನ್ನು ಪೇಪರು ಮುಟ್ಟದೆ ಹೇಳಿದಳು: “ಸ್ಕೂಲು ಬಿಟ್ಟು, ಬರೀ ಈ ಮನೆ ಕೆಲಸ ದಿನಕ್ಕೆ ಎಂಟು ಗಂಟೆ ಹಿಡೀರಿ. 350 ದಿನಕ್ಕೆ ಮುಗೀತು. ಭಾನುವಾರ ರಜಾ ಇಲ್ವಲ್ಲ, ಮದುವೆಯಾದ ಮೊದಲನೇ ವರ್ಷವೇ ನಾನು ಕ್ವಾಲಿಫೈ.”

ಅರ್ಜಿಯ ಜೊತೆಗೆ ನಾಲ್ಕು ಪ್ರಬಂಧ. ನಾಯಕತ್ವದ ಬಗ್ಗೆ ಒಂದು, ಜನಸಂಪರ್ಕದ ಬಗ್ಗೆ ಒಂದು, ಬ್ರಿಟನ್ನಿನಲ್ಲೇ ಯಾಕೆ ಓದಬೇಕು, ಓದಿ ಮುಂದೇನು ಮಾಡುತ್ತೀಯ. ಮೊದಲನೆಯದಕ್ಕೇ ಪೆನ್ನು ನಿಂತಿತು. ನಾಯಕತ್ವವೆಂದರೆ ನನ್ನ ಹತ್ತಿರ ಇದ್ದದ್ದು ಬಡಾವಣೆಯ ನಿವಾಸಿಗಳ ಸಂಘದ ಜಂಟಿ ಕಾರ್ಯದರ್ಶಿ ಹುದ್ದೆ. ಅದೂ ನಾನು ಮೀಟಿಂಗಿಗೆ ಹೋಗದ ದಿನ ಸರ್ವಾನುಮತದಿಂದ ಬಂದದ್ದು.

ಆಗ ಹೊಳೆದದ್ದು ಮನೆಯಲ್ಲೇ ಒಂದು ಪ್ರಯೋಗ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಮೂವರಿಗೂ 2019ರಲ್ಲಿ ನೊಬೆಲ್ ಬಂತಲ್ಲ, ಅವರ ದಾರಿ ನೇರವಾಗಿದೆ. ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡು, ಒಂದು ಗುಂಪಿಗೆ ಯೋಜನೆ ಕೊಡು, ಇನ್ನೊಂದಕ್ಕೆ ಕೊಡಬೇಡ, ಆಮೇಲೆ ವ್ಯತ್ಯಾಸ ನೋಡು. ನಾನು ಗೀಸರನ್ನು ಆರಿಸಿಕೊಂಡೆ. ಮಗಳು ಚೀಟಿ ಎತ್ತಿದಳು. ಅವಳೂ ಅವಳಮ್ಮನೂ ಪ್ರಯೋಗದ ಗುಂಪು. ಹತ್ತೇ ನಿಮಿಷ ಗೀಸರ್ ಹಾಕಬೇಕು, ನೆನಪಿಗೆ ಸ್ವಿಚ್ಚಿನ ಪಕ್ಕ ಒಂದು ಸ್ಟಿಕರ್. ಅಪ್ಪ ಅಮ್ಮ ಇನ್ನೊಂದು ಗುಂಪು. ಅವರಿಗೆ ವಿಷಯವೇ ಗೊತ್ತಾಗಬಾರದು.

ಬೆಳಿಗ್ಗೆ ಐದಕ್ಕೆ ಸ್ನಾನಕ್ಕೆ ಹೋದ ಅಮ್ಮನ ಕಣ್ಣಿಗೆ ಮೊದಲು ಬಿದ್ದದ್ದೇ ಸ್ಟಿಕರ್. ಸೊಸೆ ಹೆಸರು ಇದೆ, ಮೊಮ್ಮಗಳ ಹೆಸರು ಇದೆ, ತನ್ನದಿಲ್ಲ. ತಿಂಡಿಯ ಹೊತ್ತಿಗೆ ಮಾತು ಬಿಟ್ಟಿದ್ದಳು. ಅಪ್ಪ ‘ಹತ್ತು ನಿಮಿಷ’ ಎಂದು ಓದಿ, ಅದು ಸ್ನಾನಕ್ಕೆ ಇಟ್ಟ ಗಡುವು ಎಂದು ತಿಳಿದು ಅರ್ಧ ಸೋಪಿನಲ್ಲೇ ಎದ್ದು ಬಂದಿದ್ದರು. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: “ಇರೋದೊಂದು ಗೀಸರ್. ನಾವು ಆರಿಸಿದ ಮೇಲೆ ಉಳಿದ ಬಿಸಿನೀರಲ್ಲಿ ಮಾವ ಮಿಂದ್ರೆ ಅದು ಯಾವ ಗುಂಪಿನ ಲೆಕ್ಕ ರೀ?” ನೊಬೆಲ್ ಸಮಿತಿಯವರು ಇವಳನ್ನು ಕೇಳಬೇಕಿತ್ತು.

ಆದರೂ ತಿಂಗಳು ಪೂರ್ತಿ ನಡೆಸಿದೆ. ಬಿಲ್ಲು ಬಂತು. ಹಿಂದಿನ ತಿಂಗಳು ಸೊನ್ನೆ, ಈ ತಿಂಗಳೂ ಸೊನ್ನೆ. 2023ರ ಜುಲೈಯಿಂದ ಸರ್ಕಾರದ ಗೃಹಜ್ಯೋತಿ ಯೋಜನೆ ಇದೆ. ಹಿಂದಿನ ಬಳಕೆಯ ಸರಾಸರಿಗೆ ಶೇಕಡಾ 10 ಸೇರಿಸಿ, 200 ಯೂನಿಟ್ ಮೀರದಷ್ಟು ಕರೆಂಟು ಪುಕ್ಕಟೆ. ಯೂನಿಟ್ ಕಡಿಮೆಯಾಗಿದೆ ಎಂದು ಹೆಂಡತಿಗೆ ತೋರಿಸಲು ಹೋದೆ. “ರೂಪಾಯಿಲಿ ಹೇಳ್ರಿ” ಎಂದಳು. ಒಂದು ಸರ್ಕಾರಿ ಯೋಜನೆ ಇನ್ನೊಂದು ಯೋಜನೆಯ ಕಾಲು ಹೇಗೆ ಎಳೆಯುತ್ತದೆ ಎಂದು ಕಲಿಯಲು ಆಕ್ಸ್‌ಫರ್ಡಿಗೇ ಹೋಗಬೇಕಾಗಿಲ್ಲ ಎಂದು ಅಂದೇ ಗೊತ್ತಾಯಿತು. ಪ್ರಬಂಧದಲ್ಲಿ ಮಾತ್ರ ‘ಇಂಧನ ಬಳಕೆಯಲ್ಲಿ ವರ್ತನೆಯ ಬದಲಾವಣೆ ಕುರಿತ ಪ್ರಾಯೋಗಿಕ ಯೋಜನೆಯ ನೇತೃತ್ವ’ ಎಂದು ಬರೆದೆ.

ಇನ್ನು ಎಸ್‌ಒಪಿ. ಅಂದರೆ ನಾನು ಯಾರು, ಈ ಓದು ಯಾಕೆ ಎಂದು ಆತ್ಮಸ್ತುತಿ ಮಾಡಿಕೊಳ್ಳುವ ಎರಡು ಪುಟ. ಅದರ ಪ್ರಿಂಟನ್ನು ಊಟದ ಟೇಬಲ್ಲಿನ ಮೇಲೆ ಬಿಟ್ಟಿದ್ದೆ. ಅಪ್ಪ ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕಾಗದ ಕಂಡರೆ ಸುಮ್ಮನೆ ಬಿಡುವ ಜೀವವಲ್ಲ. ಸಂಜೆ ಬರುವಷ್ಟರಲ್ಲಿ ಮೊಮ್ಮಗಳ ಗೆರೆ ಹಾಳೆಯ ಮೇಲೆ ನನ್ನ ಬದುಕಿನ ಟಿಪ್ಪಣಿ ತಯಾರಾಗಿತ್ತು.

“ವಿಷಯ: ಸಾರ್ವಜನಿಕ ನೀತಿ ಸ್ನಾತಕೋತ್ತರ ಪದವಿಗೆ ಪ್ರವೇಶ ಕೋರಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅರ್ಜಿದಾರನು ಬಾಲ್ಯದಿಂದಲೂ ಸಮಾಜಸೇವೆಯಲ್ಲಿ ಆಸಕ್ತಿ ಹೊಂದಿರುವುದಾಗಿ ತಿಳಿಸಿರುತ್ತಾನೆ. ಈ ಬಗ್ಗೆ ದಾಖಲೆ ಲಗತ್ತಿಸಿರುವುದಿಲ್ಲ. ತ್ಯಾಜ್ಯ ನಿರ್ವಹಣೆಯಲ್ಲಿ ಅನುಭವ ಇರುವುದಾಗಿ ಹೇಳಿಕೊಂಡಿದ್ದು, ಸ್ಥಳ ಪರಿಶೀಲನೆ ಮಾಡಲಾಗಿ, ಹಸಿ ಕಸ ಒಣ ಕಸವನ್ನು ಅರ್ಜಿದಾರನ ಪತ್ನಿಯೇ ಬೇರ್ಪಡಿಸುತ್ತಿರುವುದು ಕಂಡುಬಂದಿರುತ್ತದೆ. ಮುಂದಿನ ಆದೇಶಕ್ಕಾಗಿ ಮಂಡಿಸಿದೆ.”

ಎಸ್‌ಒಪಿಯಲ್ಲಿ ‘ಭೂಮಿ’ ಯೋಜನೆಯನ್ನು ಹೊಗಳಿ ಒಂದು ಪ್ಯಾರಾ ಬರೆದಿದ್ದೆ. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು, ಎಲ್ಲ ಕಂಪ್ಯೂಟರಿಗೆ ಹತ್ತಿ, 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ ಕೈಗೆ ಬರುವಂತಾಯಿತು. ಇ-ಆಡಳಿತದ ಪಾಠದಲ್ಲಿ ಕರ್ನಾಟಕದ ಹೆಸರು ಹೊರದೇಶದಲ್ಲೂ ಬರುವುದು ಇದರಿಂದಲೇ. ಅಪ್ಪ ಆ ಪ್ಯಾರಾದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. “ನಿನಗದು ಪಾಠ ಕಣಯ್ಯ. ನಮಗೆ ರಾತ್ರಿ ಹನ್ನೊಂದರ ತನಕ ತಪ್ಪು ತಿದ್ದೋ ಕೆಲಸ. ರಾಮಣ್ಣನ್ನ ರಾಮಕ್ಕ ಮಾಡಿರೋವ್ರು, ಎಕರೆ ಮನೇಲಿ ಗುಂಟೆ ಬರೆದಿರೋವ್ರು... ನಿನ್ನ ಇಂಗ್ಲೆಂಡಿನ ಮೇಷ್ಟ್ರಿಗೆ ಗುಂಟೆ ಅಂದ್ರೆ ಗೊತ್ತಾ ಕೇಳು” ಎಂದು ಒಂದು ಗಂಟೆ ಹೇಳಿದರು. ಎಸ್‌ಒಪಿಗಿಂತ ಚೆನ್ನಾಗಿತ್ತು. ಕದ್ದು ಅರ್ಧ ಪ್ಯಾರಾ ಸೇರಿಸಿಕೊಂಡೆ.

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಲ್ಲೊಂದು ಭಾಗವಿದೆ: ಒಂದು ನಿಮಿಷ ಯೋಚಿಸಲು ಕೊಟ್ಟು, ಎರಡು ನಿಮಿಷದವರೆಗೆ ಮಾತಾಡಲು ಬಿಡುತ್ತಾರೆ. ಮದುವೆಯಾದ ಮೇಲೆ ನನ್ನನ್ನು ಎರಡು ನಿಮಿಷ ಯಾರೂ ತಡೆಯದೆ ಮಾತಾಡಲು ಬಿಟ್ಟದ್ದು ಅದೇ ಮೊದಲು. ಏನು ಹೇಳಬೇಕೆಂದೇ ತೋಚಲಿಲ್ಲ.

ಶಿಫಾರಸು ಪತ್ರ ಕೇಳಲು ಹೋದರೆ ನನ್ನ ಹಳೆಯ ಮೇಷ್ಟ್ರು “ನೀನೇ ಬರ್ಕೊಂಡ್ ಬಾರಪ್ಪ, ನೋಡಿ ಕಳಿಸ್ತೀನಿ” ಎಂದರು. ನನ್ನನ್ನು ನಾನೇ ಹೊಗಳಿ ಬರೆದು ಕೊಟ್ಟೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿ, “ಈ ಹುಡುಗ ಯಾವ ಬ್ಯಾಚು?” ಎಂದರು.

ಹೆಸರಿನದು ಇನ್ನೊಂದು ಪಾಡು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ಲು, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದು, ಊರಿನ ಹೆಸರೇ ನನ್ನ ಸರ್‌ನೇಮ್ ಆಗಿ ಕೂತಿದೆ. ಇಂಗ್ಲೆಂಡಿನಿಂದ ಬರುವ ಈಮೇಲುಗಳೆಲ್ಲ ‘ಡಿಯರ್ ಮಿಸ್ಟರ್ ದೊಡ್ಡಹಳ್ಳಿ’ ಎಂದೇ ಶುರು. ಅಪ್ಪನಿಗೆ ಮಾತ್ರ ಹಿಗ್ಗೋ ಹಿಗ್ಗು. “ಊರಿಗೆ ಬಸ್ ಬರ್ಲಿಲ್ಲ, ಇಂಗ್ಲೆಂಡಿಂದ ಕಾಗದ ಬಂತು ನೋಡು.”

ಕೊನೆಗೆ ಒಂದು ವಿಶ್ವವಿದ್ಯಾಲಯ ಸೀಟು ಕೊಟ್ಟಿತು. ವಿದ್ಯಾರ್ಥಿವೇತನ ಸಿಗಲಿಲ್ಲ. ಉಳಿದದ್ದು ಬ್ಯಾಂಕ್ ಸಾಲ. ವೀಸಾಕ್ಕೆ ಹಣ ತೋರಿಸುವುದಾದರೆ ಸತತ 28 ದಿನ ಅದು ಖಾತೆಯಲ್ಲಿ ಕದಲದೆ ಕೂತಿರಬೇಕು ಎಂದಾಗ ಹೆಂಡತಿ, “ನಮ್ಮ ಖಾತೇಲಿ ದುಡ್ಡು ಹತ್ತನೇ ತಾರೀಖು ನೋಡಿದ್ದೇ ಇಲ್ವಲ್ರೀ” ಎಂದಳು. ಬ್ಯಾಂಕಿನ ಮ್ಯಾನೇಜರು ಒಳ್ಳೆಯವರು. ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡವಿಡಬೇಕು, ಮನೆ ಪತ್ರ ತನ್ನಿ ಎಂದರು. ಅಪ್ಪ ತಾವೇ ಫೈಲು ಹಿಡಿದು ಜೊತೆಗೆ ಬಂದರು. ಟ್ಯಾಗು ಹಾಕಿ, ಪುಟಸಂಖ್ಯೆ ಬರೆದು, ಸೂಚಿ ಅಂಟಿಸಿದ ಫೈಲು. ಮ್ಯಾನೇಜರು ಮೂರನೇ ಪುಟಕ್ಕೆ ನಿಂತರು.

“ಸಾರ್, ಇದು ರೆವಿನ್ಯೂ ಸೈಟು. ಬಿ ಖಾತಾ. ಇದರ ಮೇಲೆ ನಮ್ಮಲ್ಲಿ ಸಾಲ ಆಗಲ್ಲ.”

ಮೂವತ್ತು ವರ್ಷ ಊರಿನ ಖಾತೆಗಳನ್ನೆಲ್ಲ ತಿದ್ದಿದ ಅಪ್ಪ ಫೈಲಿನ ಟ್ಯಾಗು ಬಿಗಿ ಮಾಡುತ್ತ, “ಆಗ ಎಲ್ಲಾ ತಗೊಳ್ತಿದ್ರು ಕಣಯ್ಯ” ಎಂದರು. ಸಾಲದ ಅರ್ಜಿ ಅಲ್ಲಿಗೆ ನಿಂತಿತು.

ಸೀಟನ್ನು ಮುಂದಿನ ವರ್ಷಕ್ಕೆ ಮುಂದೂಡಲು ಕೇಳಿದ್ದೇನೆ. ಖಾತೆ ಸರಿಮಾಡಿಸಲು ಹಾಕಿದ ಅರ್ಜಿಯನ್ನು ಅಪ್ಪ ನೋಡಿಕೊಳ್ಳುತ್ತಿದ್ದಾರೆ. ಅದಕ್ಕೆ ಎಸ್‌ಒಪಿ ಬೇಕಾಗಿಲ್ಲ. ಈ ನಡುವೆ ಅವರ ಟಿಪ್ಪಣಿಯ ಸುದ್ದಿ ಬೀದಿಯಲ್ಲಿ ಹರಡಿ, ಕೆನಡಾಕ್ಕೆ ಹೊರಟ ಪಕ್ಕದ ಮನೆಯ ಹುಡುಗಿಯೂ ತಿದ್ದಿಸಿಕೊಂಡು ಹೋದಳು. ಓದುಗರಲ್ಲಿ ಯಾರಿಗಾದರೂ ಬೇಕಿದ್ದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯೊಳಗೆ ಬರಬಹುದು. ಶುಲ್ಕವಿಲ್ಲ. ಮೂರು ಪ್ರತಿ ತನ್ನಿ, ಒಂದೂವರೆಯಿಂದ ಎರಡೂವರೆ ಊಟದ ವಿರಾಮ.