ಮೂವತ್ತು ವರ್ಷದ ಸೀಸನ್ ಟಿಕೆಟ್

2024ರ ನವೆಂಬರ್‌ನಲ್ಲಿ ನಮ್ಮೂರ ಬೇಸ್‌ಬಾಲ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ಒಂದು ಘೋಷಣೆ ಹೊರಡಿಸಿತು. ನಮ್ಮ ಹೊಸ ಪಿಚರ್, ಅಂದರೆ ಬೇಸ್‌ಬಾಲಿನ ಬೌಲರ್, ಪಾಲ್ ಸ್ಕೀನ್ಸ್ ಮೊದಲ ಪಂದ್ಯದಲ್ಲಿ ತೊಟ್ಟ ಜೆರ್ಸಿಯ ತೋಳಿನ ಲಾಂಛನವನ್ನು ಕತ್ತರಿಸಿ ಅಂಟಿಸಿದ, ಅಭಿಮಾನಿಗಳು ಸಂಗ್ರಹಿಸುವಂಥ ಕಾರ್ಡೊಂದಿದೆ, ಜಗತ್ತಿಗೆಲ್ಲ ಒಂದೇ. ಅದು ಯಾವುದೋ ಅಂಗಡಿಯ ಯಾವುದೋ ಪೊಟ್ಟಣದಲ್ಲಿ ಅಡಗಿದೆ. ಸಿಕ್ಕವರು ನಮಗೆ ತಂದುಕೊಟ್ಟರೆ ಬ್ಯಾಟ್ ಬೀಸುವ ಹೋಂ ಪ್ಲೇಟಿನ ಹಿಂದಿನ ಎರಡು ಸೀಟುಗಳ ಸೀಸನ್ ಟಿಕೆಟ್ಟನ್ನು ಮೂವತ್ತು ವರ್ಷ ಕೊಡುತ್ತೇವೆ, ಜೊತೆಗೆ ಇನ್ನೂ ಏನೇನೋ ಕೊಡುತ್ತೇವೆ ಎಂದರು. ಮೂವತ್ತು ವರ್ಷ ಪೈರೇಟ್ಸ್ ನೋಡುವುದು ಬಹುಮಾನವೋ ಜುಲ್ಮಾನೆಯೋ ಎಂದು ನಮ್ಮಂಥವರಿಗೆ ಆಗಲೇ ಅನುಮಾನ ಬಂತು. ಕಾರ್ಡು ಸಿಕ್ಕಿದ್ದು ಲಾಸ್ ಏಂಜಲೀಸ್ ಕಡೆಯ ಹನ್ನೊಂದು ವರ್ಷದ ಹುಡುಗನಿಗೆ. ಹುಡುಗನ ಮನೆಯವರು ಲೆಕ್ಕ ಬಲ್ಲವರು. ನಿಮ್ಮ ಸೀಟು ನೀವೇ ಇಟ್ಟುಕೊಳ್ಳಿ ಎಂದು ಕಾರ್ಡನ್ನು ಹರಾಜಿಗಿಟ್ಟರು. 2025ರ ಮಾರ್ಚ್‌ನಲ್ಲಿ ಅದು 11.1 ಲಕ್ಷ ಡಾಲರಿಗೆ ಹೋಯಿತು.

ಆ ಹುಡುಗ ಬೇಡವೆಂದ ಭಾಗ್ಯವನ್ನು ನಾನು ಸ್ವಂತ ದುಡ್ಡಿನಲ್ಲಿ ಅನುಭವಿಸುತ್ತ ಬಂದಿದ್ದೇನೆ.

ತುಮಕೂರಿನಲ್ಲಿ ಕ್ರಿಕೆಟ್ ಆಡಿಕೊಂಡಿದ್ದವನು ಉದ್ಯೋಗನಿಮಿತ್ತ ಪಿಟ್ಸ್‌ಬರ್ಗಿಗೆ ಬಂದಾಗ ಇಲ್ಲಿಯವರಂತೆ ನಾನೂ ಒಂದು ತಂಡವನ್ನು ಹಿಡಿಯಬೇಕಾಯಿತು. ಅಮೆರಿಕನ್ ಫುಟ್‌ಬಾಲಿಗೆ ಸ್ಟೀಲರ್ಸ್, ಐಸ್ ಹಾಕಿಗೆ ಪೆಂಗ್ವಿನ್ಸ್, ಎರಡೂ ಕಪ್ಪುಗಳನ್ನು ಎತ್ತಿದ ತಂಡಗಳು. ಬ್ಯಾಟು ಚೆಂಡು ಇದೆಯಲ್ಲ ಎಂಬ ಒಂದೇ ಕಾರಣಕ್ಕೆ ನಾನು ಬೇಸ್‌ಬಾಲನ್ನು ಹಿಡಿದೆ. ಪೈರೇಟ್ಸ್ ಕೊನೆಯ ಸಲ ವರ್ಲ್ಡ್ ಸೀರೀಸ್ ಗೆದ್ದದ್ದು 1979ರಲ್ಲಿ. 1993ರಿಂದ 2012ರವರೆಗೆ ಇಪ್ಪತ್ತು ವರ್ಷ, ಒಂದು ವರ್ಷವೂ ತಪ್ಪದಂತೆ, ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಉತ್ತರ ಅಮೆರಿಕದ ವೃತ್ತಿಪರ ಕ್ರೀಡೆಯಲ್ಲಿ ಇಷ್ಟು ನಿಷ್ಠೆಯಿಂದ ಸೋತ ತಂಡ ಇನ್ನೊಂದಿಲ್ಲ.

ಕ್ರಿಕೆಟ್ ಅಭಿಮಾನಿಗೆ ಸೋಲು ಗೊತ್ತಿಲ್ಲವೆಂದಲ್ಲ. ಆರ್‌ಸಿಬಿಯನ್ನು ಹೊತ್ತುಕೊಂಡು ಮೆರೆದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಆರ್‌ಸಿಬಿಯ ಲೀಗ್ ಪಂದ್ಯಗಳು ಹದಿನಾಲ್ಕು. ಬೇಸಗೆ ರಜ ಮುಗಿಯುವುದರೊಳಗೆ ಅತ್ತು ಮುಖ ತೊಳೆದುಕೊಳ್ಳಬಹುದು. ಬೇಸ್‌ಬಾಲ್‌ನಲ್ಲಿ 162 ಪಂದ್ಯ. ಮಾರ್ಚ್ ಕೊನೆಗೆ ಶುರುವಾದರೆ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನಾ ಒಂದು. ಒಳ್ಳೆಯ ತಂಡವೂ ಅರವತ್ತು ಸಲ ಸೋಲುತ್ತದೆ. ನಮ್ಮದು 2025ರಲ್ಲಿ 91 ಸಲ ಸೋತಿತು. ಒಂದು ಸೋಲಿನ ದುಃಖ ಆರುವ ಮುಂಚೆ ಇನ್ನೊಂದು ಬಂದು ಕೂರುತ್ತದೆ.

ಇನ್ನೂ ಒಂದು ವ್ಯತ್ಯಾಸವಿದೆ. ನನ್ನ ಸಂಕಟದ ಬೇರು ಇರುವುದು ಅಲ್ಲೇ. ಆರ್‌ಸಿಬಿಯ ಯಜಮಾನರು ದುಡ್ಡು ಚೆಲ್ಲಿ ಸೋತರು. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರನ್ನೂ ಒಂದೇ ಬಸ್ಸಿಗೆ ಹತ್ತಿಸಿ ಸೋತರು. ಬೌಲರುಗಳನ್ನು ಮರೆತರು, ಹರಾಜಿನಲ್ಲಿ ಎಡವಿದರು, ನಿಜ. ಆದರೂ ಗೆಲ್ಲಬೇಕೆಂಬ ಚಪಲವಿತ್ತು. ಹದಿನೆಂಟನೆಯ ವರ್ಷ ಕಪ್ ಬಂತು. ನಮ್ಮ ಯಜಮಾನರಿಗೆ ಆ ಚಪಲವೇ ಇಲ್ಲ.

ಹೀಗೆ ಆಪಾದಿಸುವುದು ನಾನೊಬ್ಬನೇ ಅಲ್ಲ. ಬಾಬ್ ನಟ್ಟಿಂಗ್ 2007ರಿಂದ ತಂಡದ ಪ್ರಧಾನ ಮಾಲೀಕರು, ಪತ್ರಿಕೆಗಳನ್ನು ನಡೆಸುವ ಶ್ರೀಮಂತ ಮನೆತನದವರು. 2025ರ ಏಪ್ರಿಲ್‌ನಲ್ಲಿ ತವರಿನ ಮೊದಲ ಪಂದ್ಯದ ದಿನ ತಂಡವನ್ನು ಮಾರಿಬಿಡಿ ಎಂಬ ಬ್ಯಾನರನ್ನು ಬಾಲಕ್ಕೆ ಕಟ್ಟಿಕೊಂಡ ವಿಮಾನವೊಂದು ಕ್ರೀಡಾಂಗಣದ ಮೇಲೆ ಸುತ್ತುಹೊಡೆಯಿತು. ಅಭಿಮಾನಿಗಳು ಚಂದಾ ಎತ್ತಿ ಹಾರಿಸಿದ ವಿಮಾನ. ಕೆಳಗೆ ಸೀಟುಗಳಲ್ಲೂ ಅದೇ ಘೋಷಣೆ. ಅಭಿಮಾನಿಗಳು ತಮ್ಮ ದುಡ್ಡಿನಲ್ಲಿ ಆಟಗಾರರನ್ನು ಕೊಳ್ಳುವಂತಿಲ್ಲವಲ್ಲ, ವಿಮಾನವನ್ನಾದರೂ ಬಾಡಿಗೆಗೆ ಹಿಡಿದರು.

ಆ ವರ್ಷ ಬೇಸಗೆಯಲ್ಲಿ ನಮ್ಮ ಮಾವನವರು ಬಂದಿದ್ದರು. ಕೆಇಬಿಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಯಾವ ವ್ಯವಸ್ಥೆಯನ್ನೇ ನೋಡಲಿ, ಕರೆಂಟು ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು ಅವರ ಸ್ವಭಾವ. ಆರ್‌ಸಿಬಿ ಕಪ್ ಗೆದ್ದ ಹುರುಪಿನಲ್ಲೇ ವಿಮಾನ ಹತ್ತಿದ್ದರು. ಪೆನ್ ಹಿಲ್ಸ್‌ನ ಗುಡ್ಡದ ಮೇಲಿರುವ ವೆಂಕಟೇಶ್ವರನ ದರ್ಶನ ಮಾಡಿಸಿ, ಅಲ್ಲೇ ಪುಳಿಯೋಗರೆ, ಮೊಸರನ್ನ ಮುಗಿಸಿ, ಸಂಜೆಗೆ ಪಿಎನ್‌ಸಿ ಪಾರ್ಕಿಗೆ ಕರೆದುಕೊಂಡು ಹೋದೆ.

ಕ್ರೀಡಾಂಗಣವನ್ನು ಮಾತ್ರ ಯಾರೂ ತೆಗಳುವಂತಿಲ್ಲ. 2001ರಲ್ಲಿ ತೆರೆದದ್ದು. ಬಲಗಡೆ ಗೋಡೆಯಾಚೆ ಅಲೆಘೆನಿ ನದಿ, ಮೇಲೆ ಹಳದಿ ಬಣ್ಣದ ಕ್ಲೆಮೆಂಟೆ ಸೇತುವೆ, ಅದರಾಚೆ ಊರಿನ ಗಗನಚುಂಬಿಗಳು ಸಂಜೆ ಬಿಸಿಲಿಗೆ ಹೊಳೆಯುತ್ತವೆ. ದೇಶದ ಅತ್ಯಂತ ಸುಂದರ ಬೇಸ್‌ಬಾಲ್ ಕ್ರೀಡಾಂಗಣಗಳ ಪಟ್ಟಿ ಯಾರೇ ಮಾಡಲಿ, ನಮ್ಮದು ಮೇಲೇ ಇರುತ್ತದೆ. ಮೈದಾನದ ಕಡೆ ನೋಡದಿದ್ದರೆ ಸಂಜೆ ಸೊಗಸಾಗಿ ಕಳೆಯುತ್ತದೆ.

ಇನಿಂಗ್ಸ್‌ಗಳ ನಡುವೆ ನಾನು ಮಾವನವರಿಗೆ ಇಲ್ಲಿಯ ಅರ್ಥಶಾಸ್ತ್ರ ವಿವರಿಸಿದೆ. ಮೂವತ್ತು ತಂಡಗಳೂ ತಮ್ಮ ಸ್ಥಳೀಯ ಆದಾಯದ ಶೇಕಡಾ 48ನ್ನು ಒಂದು ಹುಂಡಿಗೆ ಹಾಕುತ್ತವೆ, ಅದನ್ನು ಮೂವತ್ತು ಸಮಪಾಲು ಮಾಡುತ್ತಾರೆ. ರಾಷ್ಟ್ರೀಯ ಟಿವಿಯ ದುಡ್ಡೂ ಸಮಪಾಲು. ನ್ಯೂಯಾರ್ಕಿನವರು ಹಾಕುವುದು ಹೆಚ್ಚು, ನಮ್ಮಂಥ ಸಣ್ಣ ಊರಿನವರು ಪಡೆಯುವುದು ಹೆಚ್ಚು. ಆಟಗಾರರ ಸಂಬಳಕ್ಕೆ ಇಷ್ಟಾದರೂ ಖರ್ಚು ಮಾಡಲೇಬೇಕು ಎಂಬ ಕನಿಷ್ಠ ಮಿತಿ ಇಲ್ಲ. ಇಂಗ್ಲೆಂಡಿನ ಫುಟ್‌ಬಾಲಿನಂತೆ ಕಡೆಗೆ ಬಂದವರನ್ನು ಕೆಳದರ್ಜೆಗೆ ತಳ್ಳುವುದೂ ಇಲ್ಲ. ಬದಲಿಗೆ ಸೋತವರಿಗೆ ಮುಂದಿನ ಸಲ ಹೊಸ ಹುಡುಗರನ್ನು ಆರಿಸುವಾಗ ಮುಂಚೂಣಿಯಲ್ಲಿ ಜಾಗ.

ಮಾವನವರು ಕಡಲೆಕಾಯಿ ಸುಲಿಯುತ್ತ ಕೇಳಿಸಿಕೊಂಡರು. "ಅಲ್ಲ ಅಳಿಯಂದ್ರೇ, ಗೆದ್ರೂ ಸೋತ್ರೂ ಪಾಲು ಬರತ್ತೆ ಅಂದ್ರೆ, ಗೆಲ್ಲಕ್ಕೆ ಅಂತ ಅವರ್ಯಾಕೆ ಖರ್ಚು ಮಾಡ್ತಾರೆ?"

ಊರಿನ ಕ್ರೀಡಾ ಪತ್ರಕರ್ತರು ವರ್ಷಗಟ್ಟಲೆ ಬರೆದದ್ದನ್ನು ಅವರು ಒಂದು ಹಿಡಿ ಕಡಲೆಕಾಯಿ ಖರ್ಚಿನಲ್ಲಿ ಹೇಳಿಬಿಟ್ಟರು. ನಾನು ಇನ್ನಷ್ಟು ಅಂಕಿ ಅಂಶ ಒದಗಿಸಿದೆ. ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ಒಬ್ಬ ಶೋಹೇ ಒಟಾನಿಗೇ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಬರೆದುಕೊಟ್ಟಿದ್ದಾರೆ. 2025ರ ತನಕ ನಮ್ಮ ತಂಡದ ಚರಿತ್ರೆಯಲ್ಲೇ ದೊಡ್ಡ ಒಪ್ಪಂದವೆಂದರೆ ಬ್ರಯನ್ ರೆನಾಲ್ಡ್ಸ್‌ಗೆ ಎಂಟು ವರ್ಷಕ್ಕೆ ಕೊಟ್ಟ ಸುಮಾರು 10.7 ಕೋಟಿ. ಆ ಮೇ ತಿಂಗಳಲ್ಲಿ ತಂಡ 12 ಗೆದ್ದು 26 ಸೋತಾಗ ಮ್ಯಾನೇಜರ್ ಡೆರೆಕ್ ಶೆಲ್ಟನ್ನರನ್ನು ಮನೆಗೆ ಕಳಿಸಿದರು. ಆಟಗಾರರನ್ನು ಆರಿಸಿ ತಂದುಕೊಟ್ಟ ಜನರಲ್ ಮ್ಯಾನೇಜರ್ ಉಳಿದರು. ಮಾಲೀಕರಂತೂ ಉಳಿದೇ ಉಳಿದರು.

"ನಮ್ಮಲ್ಲೂ ಹಂಗೇ. ಟ್ರಾನ್ಸ್‌ಫಾರ್ಮರ್ ಸುಟ್ಟೋದ್ರೆ ಲೈನ್‌ಮನ್ ಸಸ್ಪೆಂಡು" ಎಂದರು ಮಾವನವರು, ಯಾವ ಆಶ್ಚರ್ಯವೂ ಇಲ್ಲದೆ.

ಅಷ್ಟರಲ್ಲಿ ಪಿಯರೋಗಿಗಳ ಓಟ ಬಂತು. ಪಿಯರೋಗಿ ಎಂದರೆ ಪೂರ್ವ ಯೂರೋಪಿನಿಂದ ಇಲ್ಲಿಯ ಉಕ್ಕಿನ ಕಾರ್ಖಾನೆಗಳಿಗೆ ಬಂದವರ ತಿಂಡಿ, ಹೆಚ್ಚುಕಡಿಮೆ ನಮ್ಮ ಕಡುಬು, ಒಳಗೆ ಆಲೂಗಡ್ಡೆ. ಆಳೆತ್ತರದ ಕಡುಬಿನ ವೇಷ ಹಾಕಿದವರು ಮೈದಾನದ ಅಂಚಿನಲ್ಲಿ ಎದ್ದುಬಿದ್ದು ಓಡುತ್ತಾರೆ. ಅಲ್ಲಿಯವರೆಗೆ ತೂಕಡಿಸುತ್ತಿದ್ದ ಜನ ಎದ್ದು ನಿಂತು ಕಿರುಚುತ್ತಾರೆ. ಓಡುವ ಕಡುಬುಗಳೆಲ್ಲ ನಮ್ಮೂರಿನವೇ ಆದ್ದರಿಂದ ಗೆಲುವು ಆ ಒಂದರಲ್ಲಿ ಖಾತ್ರಿ. ಮೆಣಸಿನಕಾಯಿ ಹೆಸರಿನ ಕಡುಬನ್ನು ಮಾವನವರೂ ಹುರಿದುಂಬಿಸಿದರು. ಕಡುಬಿನ ಓಟ, ಪಟಾಕಿ ರಾತ್ರಿ, ತಲೆ ಅಲ್ಲಾಡಿಸುವ ಗೊಂಬೆ ಹಂಚುವ ದಿನ ಇವುಗಳಲ್ಲಿ ನಮ್ಮ ಆಡಳಿತವನ್ನು ಮೀರಿಸುವವರಿಲ್ಲ. ಅಡಚಣೆ ಇರುವುದು ಬೇಸ್‌ಬಾಲಿನಲ್ಲಿ ಮಾತ್ರ.

ಬೆಳೆಸುವುದೂ ನಮ್ಮವರಿಗೆ ಗೊತ್ತು, ಉಳಿಸಿಕೊಳ್ಳುವುದು ಗೊತ್ತಿಲ್ಲ. 2013ರಲ್ಲಿ ಒಂದು ಪವಾಡ ನಡೆಯಿತು. ಇಪ್ಪತ್ತು ವರ್ಷದ ಬರಗಾಲ ಮುಗಿದು ಅಕ್ಟೋಬರ್‌ನ ನಾಕೌಟ್ ಪಂದ್ಯ ಊರಿಗೆ ಬಂತು. ಸಿನ್ಸಿನಾಟಿಯ ಪಿಚರ್ ಜಾನಿ ಕ್ವೇಟೋನ ಹೆಸರನ್ನು ಇಡೀ ಕ್ರೀಡಾಂಗಣ ರಾಗವಾಗಿ ಎಳೆದು ಎಳೆದು ಕೂಗುತ್ತಿದ್ದಾಗ ಅವನ ಕೈಯಿಂದ ಚೆಂಡು ಜಾರಿ ನೆಲಕ್ಕೆ ಬಿತ್ತು. ಮುಂದಿನ ಎಸೆತಕ್ಕೇ ರಸೆಲ್ ಮಾರ್ಟಿನ್ ಹೋಂ ರನ್ ಹೊಡೆದ. ಕೂಗಿ ಕೂಗಿ ಚೆಂಡು ಬೀಳಿಸಬಹುದೆಂದು ಆ ರಾತ್ರಿ ಈ ಊರು ನಂಬಿತು. ನನ್ನನ್ನು ಇಂದಿಗೂ ಇಲ್ಲಿ ಕಟ್ಟಿಹಾಕಿರುವುದು ಆ ರಾತ್ರಿಯೇ. 2015ರಲ್ಲಿ 98 ಪಂದ್ಯ ಗೆದ್ದರು. ಇನ್ನೊಂದಿಷ್ಟು ದುಡ್ಡು ಹಾಕುವ ಹೊತ್ತು ಅದು. 2018ರ ಜನವರಿಯಲ್ಲಿ ಒಂದೇ ವಾರದೊಳಗೆ ಗೆರಿಟ್ ಕೋಲ್ ಹ್ಯೂಸ್ಟನ್ನಿಗೂ, ಊರಿನ ಕಣ್ಮಣಿ ಆಂಡ್ರ್ಯೂ ಮೆಕಚನ್ ಸ್ಯಾನ್ ಫ್ರಾನ್ಸಿಸ್ಕೋಗೂ ಹೋದರು. ತಂಡ ಮಾರಿ ಎಂದು ಅರವತ್ತು ಸಾವಿರಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಅದೇ ಬೇಸಗೆಯಲ್ಲಿ, ಬಹುಶಃ ಟೀಕೆಗೆ ಉತ್ತರವಾಗಿ, ಕ್ರಿಸ್ ಆರ್ಚರ್ ಎಂಬ ಪಿಚರನ್ನು ತಂದರು. ಬದಲಿಗೆ ಕೊಟ್ಟದ್ದು ಟೈಲರ್ ಗ್ಲಾಸ್ನೋ, ಆಸ್ಟಿನ್ ಮೆಡೋಸ್, ಶೇನ್ ಬಾಜ್, ಮೂವರನ್ನು. ಆರ್ಚರ್ ಇಲ್ಲಿ ಮಸುಕಾದರು, ಗ್ಲಾಸ್ನೋ ಹೊಸ ತಂಡದಲ್ಲಿ ಮಿಂಚಿದರು. ಅಪರೂಪಕ್ಕೆ ಕೈ ಬಿಚ್ಚಿದರೆ ಹೀಗೆ.

ನಮ್ಮ ಆಟದ ಮಟ್ಟವನ್ನು ತಿಳಿಯಬೇಕಾದರೆ 2021ರ ಮೇ 27ರ ಪಂದ್ಯವನ್ನು ನೋಡಬೇಕು. ಎದುರಾಳಿ ಶಿಕಾಗೊ ಕಬ್ಸ್. ಆಗಲೇ ಇಬ್ಬರು ಔಟ್, ಎರಡನೇ ಬೇಸಿನಲ್ಲಿ ಒಬ್ಬ ಓಟಗಾರ. ಹಾವಿಯೆರ್ ಬಾಯೆಜ್ ಹೊಡೆದ ಚೆಂಡು ನೆಲದಲ್ಲಿ ಉರುಳಿ ನಮ್ಮವರ ಕೈಗೆ ಸಿಕ್ಕಿತು, ಮೊದಲ ಬೇಸ್ ಕಾಯುವ ಹುಡುಗನಿಗೆ ಎಸೆದರು, ಅವನು ಹಿಡಿದ. ಇನ್ನು ಅವನು ಮಾಡಬೇಕಾದದ್ದು ಒಂದೇ: ಎರಡು ಹೆಜ್ಜೆ ಹಿಂದಿಟ್ಟು ಬೇಸನ್ನು ತುಳಿಯುವುದು. ತುಳಿದರೆ ಮೂರನೇ ಔಟ್, ಇನಿಂಗ್ಸ್ ಮುಗಿಯಿತು. ಅತ್ತ ಯಾರು ಓಡಿ ಬಂದರೂ ಆ ರನ್ ಲೆಕ್ಕಕ್ಕಿಲ್ಲ. ಬಾಯೆಜ್ ಗಕ್ಕನೆ ನಿಂತ. ತಿರುಗಿದ. ಬಂದ ದಾರಿಯಲ್ಲೇ ಹೋಂ ಪ್ಲೇಟಿನ ಕಡೆ ಹಿಂದಕ್ಕೆ ನಡೆದ. ನಮ್ಮ ಹುಡುಗ ಬೇಸನ್ನು ಬಿಟ್ಟು, ಚೆಂಡನ್ನು ಮುಂದೆ ಹಿಡಿದುಕೊಂಡು, ಅವನನ್ನು ಮುಟ್ಟಲು ಹಿಂದೆ ಹಿಂದೆಯೇ ಹೋದ. ಅಷ್ಟರಲ್ಲಿ ಎರಡನೇ ಬೇಸಿನವನು ಮೂರನೆಯದನ್ನು ದಾಟಿ ಮನೆಗೆ ಬಂದೇಬಿಟ್ಟ. ಹುಡುಗ ಗಾಬರಿಯಾಗಿ ಚೆಂಡನ್ನು ಕ್ಯಾಚರಿಗೆ ಕೊಟ್ಟ, ತಡವಾಗಿತ್ತು. ಓಟಗಾರ ಸೇಫ್ ಎಂದು ಬಾಯೆಜ್ ಎರಡು ಕೈ ಅಗಲಿಸಿ ತಾನೇ ತೀರ್ಪು ಕೊಟ್ಟ. ಆಮೇಲೆ ನೆನಪಾದವನಂತೆ ಮೊದಲ ಬೇಸಿಗೆ ಓಡಿದ. ಅಲ್ಲಿ ಕಾಯುವವರಿಲ್ಲ. ಕ್ಯಾಚರ್ ಎಸೆದದ್ದು ಎಲ್ಲೋ ಹೋಯಿತು. ಬಾಯೆಜ್ ಎರಡನೇ ಬೇಸಿಗೆ ಹೋಗಿ ಕೂತ. ಹುಡುಗನ ಹೆಸರು ಬರೆಯುವುದಿಲ್ಲ, ಪಾಪ. ಕೆಲವೇ ದಿನಗಳಲ್ಲಿ ಅವನನ್ನು ತಂಡದಿಂದ ತೆಗೆದರು. ಲೈನ್‌ಮನ್ ಸಸ್ಪೆಂಡು.

ಗೆದ್ದಾಗಲೂ ನಮ್ಮದು ವಿಚಿತ್ರವೇ. 2022ರ ಮೇ ತಿಂಗಳಲ್ಲಿ ಸಿನ್ಸಿನಾಟಿಯ ಎದುರು ನಮ್ಮವರು ಇಡೀ ಪಂದ್ಯದಲ್ಲಿ ಒಂದೂ ಹಿಟ್ ಹೊಡೆಯದೆ 1-0ಯಿಂದ ಗೆದ್ದರು. ಗೆಲ್ಲಲು ಆಟವಾಡಲೇಬೇಕೆಂದಿಲ್ಲ ಎಂದು ಆಡಳಿತಕ್ಕೆ ಅಂದು ಖಚಿತವಾಗಿರಬೇಕು.

ಮಾವನವರು ಇನ್ನೊಂದು ಕೇಳಿದರು: ನಮ್ಮ ಇಂಡಿಯಾದವರು ಯಾರೂ ಇದನ್ನು ಆಡಿಲ್ಲವೇ? ಆಡಿದ್ದಾರೆ, ನಮ್ಮ ತಂಡದ ಕಡೆಯಿಂದಲೇ! 2008ರಲ್ಲಿ ಟಿವಿ ಸ್ಪರ್ಧೆಯೊಂದರಲ್ಲಿ ವೇಗವಾಗಿ ಚೆಂಡೆಸೆದ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಜಾವೆಲಿನ್ ಹುಡುಗರನ್ನು ಪೈರೇಟ್ಸ್ ಕರೆಸಿಕೊಂಡಿತು. ಇಬ್ಬರೂ ಅಲ್ಲಿಯವರೆಗೆ ಬೇಸ್‌ಬಾಲ್ ಆಡಿದವರಲ್ಲ. ಕೆಳದರ್ಜೆಯ ಲೀಗುಗಳಲ್ಲಿ ಆಡಿದರು, ಮೇಲಿನ ತಂಡಕ್ಕೆ ಏರಲಿಲ್ಲ. ಡಿಸ್ನಿಯವರು ಸಿನಿಮಾ ತೆಗೆದರು. ರಿಂಕು ಮುಂದೆ ಕುಸ್ತಿಯ ಅಖಾಡಕ್ಕೆ ಹೋದರು. ನನಗೆ ಆ ಪ್ರಯೋಗದ ಮೇಲೆ ಸಿಟ್ಟಿಲ್ಲ. ನಮ್ಮ ಆಡಳಿತದವರು ಕೊಂಚ ಹುಚ್ಚಾಟಕ್ಕೆ ಕೈಹಾಕಿದ್ದು ಅದೊಂದೇ ಸಲ.

ಸೋಲನ್ನು ಹೊಟ್ಟೆಗೆ ಹಾಕಿಕೊಳ್ಳಬಹುದು. 2025ರ ವಸಂತದಲ್ಲಿ ನಡೆದ ಎರಡು ಸಂಗತಿಗಳನ್ನು ಹಾಕಿಕೊಳ್ಳಲಾಗಲಿಲ್ಲ. ಬಲಗಡೆಯ ಗೋಡೆಯ ಮೇಲೆ ರೊಬೆರ್ಟೊ ಕ್ಲೆಮೆಂಟೆಯ ಜೆರ್ಸಿಯ ಅಂಕಿ 21 ಇತ್ತು. ಕ್ಲೆಮೆಂಟೆ ಈ ಊರಿಗೆ ದೇವರ ಸಮಾನ. ಮೂರು ಸಾವಿರ ಹಿಟ್ ಹೊಡೆದವರು, 1972ರ ಡಿಸೆಂಬರ್ 31ರಂದು ನಿಕರಾಗುವದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದ ವಿಮಾನ ಬಿದ್ದು ತೀರಿಕೊಂಡವರು. ಆ ಅಂಕಿ ಇದ್ದ ಜಾಗದಲ್ಲಿ ಒಂದು ಮದ್ಯದ ಜಾಹೀರಾತು ಕಾಣಿಸಿಕೊಂಡಿತು. ಊರು ಎಗರಾಡಿದ ಮೇಲೆ ಕಣ್ತಪ್ಪಿನಿಂದಾಯಿತೆಂದು ಮತ್ತೆ ಹಾಕಿದರು. ಅದಾದ ಮೇಲೆ ಇಟ್ಟಿಗೆಗಳ ಕಥೆ. ಕ್ರೀಡಾಂಗಣ ಕಟ್ಟುವಾಗ ಅಭಿಮಾನಿಗಳು ದುಡ್ಡು ಕೊಟ್ಟು, ತಂದೆಯ ಹೆಸರೋ ತೀರಿಹೋದ ಮಗನ ಹೆಸರೋ ಕೆತ್ತಿಸಿ ಹೊರಗೆ ಹಾಸಿಸಿದ್ದ ಇಟ್ಟಿಗೆಗಳು. ಅವನ್ನು ಕಿತ್ತು ಹಾಕಿದ್ದರು. ಮರುಬಳಕೆಯ ಗುಜರಿಯಲ್ಲಿ ರಾಶಿ ಬಿದ್ದಿದ್ದನ್ನು ಯಾರೋ ಫೋಟೋ ತೆಗೆದು ತೋರಿಸಿದರು. ಆ ಫೋಟೋ ನೋಡಿದ ಮೇಲೆ ತಮಾಷೆ ಮಾಡಲು ನನಗೂ ಸ್ವಲ್ಪ ಹೊತ್ತು ಹಿಡಿಯಿತು.

ಹಾಗಿದ್ದರೆ ಬಿಟ್ಟುಬಿಡಿ ಎನ್ನುತ್ತಾಳೆ ಹೆಂಡತಿ. ಬಿಡಲು ಬಿಡದಿರುವವನು ಸ್ಕೀನ್ಸ್. ಗಂಟೆಗೆ ನೂರು ಮೈಲಿಯ ಸುತ್ತಮುತ್ತ ಎಸೆಯುವ, ಮೀಸೆ ಬಿಟ್ಟ, ಹೆಚ್ಚು ಮಾತಾಡದ ಹುಡುಗ. 2025ರಲ್ಲಿ ಒಂಬತ್ತು ಇನಿಂಗ್ಸಿಗೆ ಸರಾಸರಿ 1.97 ರನ್ ಮಾತ್ರ ಕೊಟ್ಟು, ಒಂದು ಮತವೂ ಆಚೀಚೆ ಆಗದಂತೆ ನ್ಯಾಷನಲ್ ಲೀಗಿನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ. ಅವನ ಲೆಕ್ಕದಲ್ಲಿ ಬಿದ್ದ ಗೆಲುವು ಹತ್ತು, ಸೋಲೂ ಹತ್ತು. ಎದುರಾಳಿಗಳಿಗೆ ಅವನು ರನ್ ಕೊಡುವುದಿಲ್ಲ, ಅವನಿಗೆ ನಮ್ಮವರು ರನ್ ಕೊಡುವುದಿಲ್ಲ.

ನೀವು ಮಗನ ಮನೆಗೋ ಮಗಳ ಮನೆಗೋ ಅಮೆರಿಕಕ್ಕೆ ಬರುವವರಾಗಿದ್ದು ಪಿಟ್ಸ್‌ಬರ್ಗಿನ ವೆಂಕಪ್ಪನ ದರ್ಶನ ನಿಮ್ಮ ಪಟ್ಟಿಯಲ್ಲಿದ್ದರೆ, ಸ್ಕೀನ್ಸ್ ಎಸೆಯುವ ದಿನವನ್ನೇ ನೋಡಿಕೊಂಡು ಬನ್ನಿ. ಟಿಕೆಟ್ಟಿನ ಚಿಂತೆ ಬೇಡ, ಸಿಗುತ್ತದೆ. ಆದರೆ 2029ರೊಳಗೆ ಬನ್ನಿ. ಆ ಸೀಸನ್ ಮುಗಿದ ಮೇಲೆ ಒಪ್ಪಂದದ ಹಂಗು ಕಳಚಿ ಅವನು ಎಲ್ಲಿಗೆ ಬೇಕಾದರೂ ಹೋಗಬಹುದು. ಅಲ್ಲಿಯವರೆಗೆ ನಮ್ಮವರು ಅವನನ್ನು ಮಾರದೆ ಇಟ್ಟುಕೊಂಡಿರುತ್ತಾರೆ ಎಂದು ಮಾತು ಕೊಡುವ ಧೈರ್ಯ ನನಗಿಲ್ಲ.